ಶನಿವಾರದ ಸಹಿ

...ಕೂತ್ಕೊ ಎಸಿನಮ್, ದುಃಖದ ಸುದ್ದಿ ಇನ್ನೂ ಮುಗಿದಿಲ್ಲ. ಕ್ಯಾಂಟೀನಿನ ಅಲಸಂದೆ ಕಾಳಿನ ವಾಚೆ ಅನ್ನಕ್ಕೆ ಇವತ್ತು ಮೊಟ್ಟೆ ಇಲ್ಲವಂತೆ. ಸಿರಪ್ ತುಂಬಿಸೋ ವಿಭಾಗದಲ್ಲಿ ಎರಡು ನಿಮಿಷ ಕೆಲಸ ನಿಂತಿತ್ತು. ನಮ್ಮ ಟೆಮಾ ಊರಿನ ಕಾರ್ಖಾನೆಗಳ ಚರಿತ್ರೆಯಲ್ಲೇ ಇಂಥ ಆಘಾತ... ಯಾಕೆ, ನಗು ಬರಲಿಲ್ವಾ? ಮಾಲೀಕ ತಮಾಷೆ ಮಾಡಿದ್ರೆ ಎಲ್ಲರೂ ನಗ್ತಾರೆ. ಗುಣಮಟ್ಟ ವಿಭಾಗದ ಮುಖ್ಯಸ್ಥೆಗೆ ವಿನಾಯಿತಿ ಇದೆಯೇನೋ.

ಗೊತ್ತು, ಮತ್ತೆ ಆ ಸಾಫ್ಟ್‌ವೇರ್ ವಿಷಯಕ್ಕೆ ಬಂದಿದ್ದೀಯ. ಮೂರು ವರ್ಷದಲ್ಲಿ ಮೂರು ಸಲ. ದಾಖಲೆಯೆಲ್ಲ ಕಂಪ್ಯೂಟರಿನಲ್ಲಿರಬೇಕು, ಒಬ್ಬೊಬ್ಬರಿಗೂ ಅವರದೇ ಪಾಸ್‌ವರ್ಡ್, ಸಹಿ ಹಾಕಿದ ಗಳಿಗೆ ತಾನಾಗೇ ದಾಖಲಾಗಬೇಕು. ಲಾಭ ಏನು ಅಂತ ಬರೆದು ಕೊಡು ಅಂದೆ. ನೀನು ಹನ್ನೊಂದು ಪುಟ ಬರೆದೆ ಮಾರಾಯ್ತಿ. ಒಂದು ದೂರಿನ ಜಾಡು ಹಿಡಿಯೋಕೆ ನಮ್ಮ ಫೈಲುಗಳಲ್ಲಿ ಹತ್ತೊಂಬತ್ತು ದಿನ, ಆ ಸಾಫ್ಟ್‌ವೇರಿನಲ್ಲಾದ್ರೆ ಇಪ್ಪತ್ತು ನಿಮಿಷ. ಚೆನ್ನಾಗಿದೆ. ಆದ್ರೆ ಬಾಟಲಿ ತುಂಬೋ ಯಂತ್ರ ತಂದ್ರೆ ಬಾಟಲಿ ಹೊರಗೆ ಬರುತ್ತೆ. ನಿನ್ನದರಿಂದ ಏನು ಬರುತ್ತೆ? ತೊಂದರೆ ಬರಲ್ಲ, ಅಷ್ಟೇ. ಬಾರದೇ ಇರೋದಕ್ಕೆ ದುಡ್ಡು ಹಾಕಿ ಅಂತ ಪಾಲುದಾರರಿಗೆ ಯಾವ ಮುಖದಲ್ಲಿ ಹೇಳಲಿ?

ಏನು, ಆ ವಿಷಯ ಅಲ್ವಾ?

ಓ... ಬ್ಯಾಚ್ ೨೧೪. ಮಕ್ಕಳ ಜ್ವರದ ಸಿರಪ್. ಹೌದು, ಫೋನ್ ಬಂತು. ಉತ್ತರದ ಕಡೆಯ ಒಂದು ಆಸ್ಪತ್ರೆ. ಏಳು ಮಕ್ಕಳಿಗೆ ಮೂತ್ರ ಕಟ್ಟಿದೆಯಂತೆ. ಅದರಲ್ಲಿ ಒಂದು... ಬಿಡು. ನಾಳೆ ಔಷಧ ನಿಯಂತ್ರಣದವರು ಬರ್ತಾರೆ. ಬ್ಯಾಚ್ ಹೊರಗೆ ಬಿಟ್ಟದ್ದು ಯಾರು ಅಂತ ಕೇಳ್ತಾರೆ. ಫೈಲಿನಲ್ಲಿ ನಿನ್ನ ಸಹಿ ಇದೆ. ನೀಲಿ ಶಾಯಿ, ಕೆಳಗೆ ತಾರೀಖು, ಎಲ್ಲ ನಿಯಮದ ಪ್ರಕಾರ. ನಿನ್ನ ಲೈಸೆನ್ಸ್ ಹೋಗುತ್ತೆ. ಜೈಲೂ ಆಗಬಹುದು. ನನಗೆ ತುಂಬ ಬೇಜಾರು. ಆಯಾಸದಲ್ಲಿ ನೋಡದೇ ಹಾಕಿಬಿಟ್ಟೆ ಅಂತ ಬರೆದುಕೊಡು, ವಕೀಲರನ್ನ ನಾನು, ಈ ಕ್ವಾರ್ಟೆ, ನೋಡ್ಕೋತೀನಿ.

ಫೈಲು ತೆರೆದಿಟ್ಟಿದ್ದೀನಿ. ಅದನ್ನು ಬಿಟ್ಟು ನನ್ನನ್ನು ಯಾಕೆ ನೋಡ್ತಿದ್ದೀಯ?

ಶನಿವಾರ. ಹೌದು, ತಾರೀಖು ಶನಿವಾರದ್ದೇ. ಆವತ್ತು... ಹ್ಞಾಂ. ಆವತ್ತು ನಿಮ್ಮೂರು ‘ಹೋ’ದಲ್ಲಿ ನಿಮ್ಮಮ್ಮನ ಮಣ್ಣು. ಅರ್ಧ ಕಾರ್ಖಾನೆ ಶೋಕದ ಕೆಂಪು ಕಪ್ಪು ಬಟ್ಟೆ ಉಟ್ಟು ನಮ್ಮ ಬಸ್ಸಿನಲ್ಲೇ ಬಂದಿತ್ತು. ಈ ದೇಶದಲ್ಲಿ ಶನಿವಾರ ಇರೋದೇ ಮಣ್ಣು ಮಾಡೋಕೆ. ಅದನ್ನು ಮರೆಯೋನು... ನಾನೊಬ್ಬನೇ ತಡವಾಗಿ ಬಂದೆ. ಕ್ವಾರ್ಟೆಯವರು ಈಗ ತಾನೇ ಬಂದರು ಅಂತ ಮೈಕಿನಲ್ಲೇ ಕೂಗಿದ್ರಲ್ಲ. ಯಾಕೆ ತಡ ಅಂತ ನೀನು ಅಳ್ತಾ ಅಳ್ತಾ ಕೇಳಿದೆ. ಲಾರಿ ಕಳಿಸೋದಿತ್ತು ಅಂದೆ.

ಆ ಸಹಿಯ ಮೇಲೆ ಯಾಕೆ ಬೆರಳಿಟ್ಟೆ ಎಸಿನಮ್? ಬೈಯೋದಾದ್ರೆ ಬೈ.

ಸರಿ. ಪರೀಕ್ಷೆಯ ವರದಿ ಸೋಮವಾರ ಬರೋದಿತ್ತು. ಲಾರಿ ಗೇಟಿನಲ್ಲಿ ನಿಂತಿತ್ತು, ಡ್ರೈವರ್ ಹಾರ್ನ್ ಒತ್ತುತ್ತಾನೇ ಇದ್ದ. ನಿನ್ನ ಸಹಿ ಕಷ್ಟದ್ದಲ್ಲ. ಒಂದು ಕೊಕ್ಕೆ, ಒಂದು ಗೆರೆ. ಹತ್ತು ವರ್ಷದಿಂದ ನೋಡ್ತಿದ್ದೀನಿ.

ಆದ್ರೆ ನಾಳೆ ನಾನು ಹೇಳೋದು ಬೇರೆ. ಶುಕ್ರವಾರವೇ ಸಹಿ ಹಾಕಿ, ಕೆಳಗೆ ಮರುದಿನದ ತಾರೀಖು ಬರೆದು ಊರಿಗೆ ಹೋದಳು, ತಾಯಿ ಸತ್ತ ದುಃಖ ಪಾಪ ಅಂತೀನಿ. ಸುಳ್ಳು ಅಂತ ಯಾವ ಫೈಲು ಹೇಳುತ್ತೆ? ಯಾರು ಬರೆದರು, ಯಾವಾಗ ಬರೆದರು, ಕಾಗದಕ್ಕೆ ಗೊತ್ತಿರಲ್ಲ. ನೀನೇ ಬರೆದಿದ್ದೀಯ, ಆರನೇ ಪುಟದಲ್ಲಿ. ನಾನು ಓದಿದ್ದು ಆ ಒಂದೇ ಪುಟ.

ಹೋಗು, ಮುಖ ತೊಳ್ಕೊ. ಹ್ಞಾಂ, ಇನ್ನೊಂದು. ನಿಯಂತ್ರಣದವರಿಗೆ ಏನಾದ್ರೂ ಸುಧಾರಣೆ ತೋರಿಸಬೇಕಲ್ಲ, ಬೆಳಿಗ್ಗೆಯೇ ಪಾಲುದಾರರನ್ನ ಕೇಳಿದೆ. ಹನ್ನೊಂದು ಪುಟದಿಂದ ಆಗದ್ದು ಏಳು ಮಕ್ಕಳಿಂದ ಆಯ್ತು, ಐದೇ ನಿಮಿಷದಲ್ಲಿ ಒಪ್ಪಿದ್ರು. ಸಾಫ್ಟ್‌ವೇರ್ ಮುಂದಿನ ತಿಂಗಳ ಒಂದನೇ ತಾರೀಖಿನಿಂದ ಶುರು. ಬಳಸುವವರ ಪಟ್ಟಿಯಲ್ಲಿ ಹದಿನಾಲ್ಕು ಹೆಸರುಗಳಿವೆ. ನಿನ್ನದಿಲ್ಲ.