ಕತ್ತಿನ ಗುಂಡಿ

ನಂಬುವುದು ಬಿಡುವುದು ನಿಮ್ಮಿಷ್ಟ. ಇದು ನಡೆದದ್ದು ನನ್ನ ಸೋದರತ್ತೆ ಮಗನಿಗೆ. ಎಲ್ಲರೂ ಅವನನ್ನು ಟೈಲರಣ್ಣ ಅಂತಲೇ ಕರೆಯುವುದು. ಕತೆ ಕಟ್ಟುವ ಜಾಣತನ ಅವನಿಗಿಲ್ಲ. ಇದ್ದಿದ್ದರೆ ಗಿರಾಕಿಗಳಿಗೆ ಹುಟ್ಟಿದಾಗಿನಿಂದ ಅದೇ ‘ನಾಳೆ ಬನ್ನಿ’ ಹೇಳಿಕೊಂಡು ಕೂರುತ್ತಿರಲಿಲ್ಲ.

ಅವತ್ತು ರಾತ್ರಿ ಬಹಳ ಹೊತ್ತಾಗಿತ್ತು. ಯಾರದೋ ಕರಿ ಕೋಟು ಬೆಳಿಗ್ಗೆಗೇ ಬೇಕಿತ್ತು ಅಂತ ಕೂತು ಮುಗಿಸಿ, ಅಂಗಡಿಗೆ ಬೀಗ ಹಾಕಿ ಹೊರಟ. ಕಪ್ಪು ದಾರ ಪೋಣಿಸಿದ ಸೂಜಿ ಅವನ ಕಾಲರಿಗೆ ಚುಚ್ಚಿದ್ದು ಹಾಗೇ ಇತ್ತು. ಹೊಲಿಯುವವರ ಅಭ್ಯಾಸ ಅದು. ಬೀದಿಯಲ್ಲಿ ನರಪಿಳ್ಳೆ ಇಲ್ಲ. ಅವನ ಚಪ್ಪಲಿಯದೇ ಸದ್ದು... ಪಟ್, ಪಟ್. ಹಳೇ ಬಾವಿ ಹತ್ತಿರ ಬಂದಾಗ ಇನ್ನೊಂದು ಸದ್ದು ಸೇರಿಕೊಂಡಿತು. ರಾಟೆಯದು. ಕಿರ್ರ್... ಕಿರ್ರ್... ಆ ರಾಟೆ ಹಗ್ಗ ಕಂಡು ಎಷ್ಟೋ ಕಾಲವಾಗಿತ್ತು.

ಬಾವಿಕಟ್ಟೆಯ ಮೇಲೆ ಯಾರೋ ಕೂತಿದ್ದರು.

ಗುರುತು ಹತ್ತಿತು. ಪೇಂಟರ್. ಚಡ್ಡಿ ಹಾಕುವ ಕಾಲದಿಂದ ಜೊತೆಗಿದ್ದ ಗೆಳೆಯ. ಟೈಲರಣ್ಣನಿಗೆ ಆ ಕ್ಷಣ ಹೆದರಿಕೆ ಆಗಲಿಲ್ಲ, ನಾಚಿಕೆ ಆಯಿತು. ಯಾಕೆ ಅನ್ನುವುದನ್ನು ಮೊದಲು ಹೇಳಿಬಿಡುತ್ತೇನೆ.

ಪೇಂಟರ್ ಮನೆಗಳಿಗೆ ಬಣ್ಣ ಬಳಿಯುವವನು. ಒಮ್ಮೆ ಏಣಿಯಿಂದ ಬಿದ್ದು ಕಾಲು ಮುರಿದುಕೊಂಡ. ಆಸ್ಪತ್ರೆ ಖರ್ಚಿಗೆ ಟೈಲರಣ್ಣ ಹಿಂದೆಮುಂದೆ ನೋಡದೆ ದುಡ್ಡು ಕೊಟ್ಟ. ಹೊಸ ಹೊಲಿಗೆ ಮಿಷನ್ನಿಗೆ ಅಂತ ಕೂಡಿಟ್ಟ ದುಡ್ಡು. “ಮುಂದಿನ ತಿಂಗಳು ಖಂಡಿತ ಕಣೋ” ಅಂದಿದ್ದ ಪೇಂಟರ್. ಆ ಮುಂದಿನ ತಿಂಗಳು ಮುಂದೆ ಮುಂದೆಯೇ ಹೋಯಿತು. ಹಳೇ ಮಿಷನ್ನು ಕಟಕಟ ಅಂತ ಮುಷ್ಕರ ಹೂಡಿದ ದಿನವೆಲ್ಲ ಮನೆಯಲ್ಲಿ ಅವನ ಹೆಂಡತಿ ಅನ್ನುವಳು: “ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ!” ಇವನಿಗೋ, ಗೆಳೆಯನನ್ನು ಬಾಯಿಬಿಟ್ಟು ಕೇಳಲು ಸಂಕೋಚ. ನುಂಗಿಕೊಂಡ, ನುಂಗಿಕೊಂಡ. ನುಂಗಿದ್ದು ಒಳಗೇ ಹುಳಿಯಾಯಿತು.

ಟೈಲರಣ್ಣನದೊಂದು ಪದ್ಧತಿ ಇತ್ತು. ಕೂಲಿ ಕೈಗೆ ಬರುವ ತನಕ ಅಂಗಿಯ ಕತ್ತಿನ ಗುಂಡಿ ಹಾಕುತ್ತಿರಲಿಲ್ಲ. ದುಡ್ಡು ಇಟ್ಟರೆ ಎದುರಿಗೇ ಹಾಕಿ, ದಾರವನ್ನು ಹಲ್ಲಲ್ಲಿ ಕಡಿದು ಕೊಡುವನು. ಪೇಂಟರನಿಗೆ ಮಾತ್ರ ಯಾವತ್ತೂ ಹಾಗೆ ಮಾಡಿದವನಲ್ಲ.

ಪೇಂಟರನ ಮಗಳ ಮದುವೆ ಗೊತ್ತಾಯಿತು. ತನಗೊಂದು ಬಿಳಿ ಅಂಗಿ ಹೊಲಿಯಲು ಬಟ್ಟೆ ಕೊಟ್ಟುಹೋದ. ಮದುವೆಯ ಹಿಂದಿನ ದಿನ ಬಂದು ಹೊಲಿಗೆಯ ಕೂಲಿ ಮುಂದಿಟ್ಟ. ಅಂಗಡಿ ತುಂಬ ಜನ. ಅದ್ಯಾವ ಕೆಟ್ಟ ಗಳಿಗೆಯೋ... ಮದುವೆ ಮಾಡಲು ದುಡ್ಡಿದೆ, ನನಗೆ ಕೊಡಲು ಮಾತ್ರ ಇಲ್ಲ ಅಂತ ಟೈಲರಣ್ಣನಿಗೆ ತಲೆಗೇರಿತು. ಅಂಗಿಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದ.

“ಮೊದಲು ಹಳೇ ಬಾಕಿ ತೀರಿಸಪ್ಪ. ಆಮೇಲೆ ಗುಂಡಿ ಹಾಕ್ತೀನಿ. ಅಲ್ಲೀತನಕ ಬೀಗರ ಮುಂದೆ ಕತ್ತು ಬಿಟ್ಕೊಂಡೇ ನಿಂತ್ಕೋ.”

ಗಿರಾಕಿಗಳು ಗೊಳ್ಳೆಂದು ನಕ್ಕರು. ಪೇಂಟರ್ ಕತ್ತಿನ ಹತ್ತಿರ ಕೈ ಇಟ್ಟುಕೊಂಡ. ಅಂಗಿ ಅಲ್ಲೇ ಬಿಟ್ಟು ಹೊರಟುಹೋದ.

ಮಗಳ ಮದುವೆಯಲ್ಲಿ ಹಳೇ ಅಂಗಿಯಲ್ಲೇ ಓಡಾಡಿದನಂತೆ. ಟೈಲರಣ್ಣ ಹೋಗಲಿಲ್ಲ. ಯಾವ ಮುಖ ಇಟ್ಟುಕೊಂಡು ಹೋಗುತ್ತಾನೆ? ಅಂಗಿ ಅಂಗಡಿಯ ಬೀರುವಿನಲ್ಲಿ ಉಳಿಯಿತು, ಅದರ ಗುಂಡಿ ಇವನ ಜೇಬಿನಲ್ಲಿ. ಹಾಕಿಕೊಟ್ಟು ಬರೋಣ, ನಾಳೆ ಹೋಗೋಣ... ಗಿರಾಕಿಗಳಿಗೆ ಹೇಳುವ ನಾಳೆಯನ್ನೇ ತನಗೂ ಹೇಳಿಕೊಂಡು ದಿನ ತಳ್ಳಿದ.

ಈಗ ಆ ಪೇಂಟರ್ ಬಾವಿಕಟ್ಟೆಯ ಮೇಲೆ.

“ಇಷ್ಟೊತ್ನಲ್ಲಿ ಇಲ್ಲೇನೋ ಮಾಡ್ತಿದೀಯ?” ಟೈಲರಣ್ಣನ ದನಿ ತಾನಾಗಿ ಇಳಿದಿತ್ತು.

“ನಿನಗೇ ಕಾಯ್ತಿದ್ದೆ.” ಪಿಸುಮಾತು.

“ಅಂಗಡೀಗೇ ಬರಬಾರ್ದಿತ್ತಾ?”

“ಹೊರಟಿದ್ದೆ... ಆಗ್ಲಿಲ್ಲ.”

ಬಾವಿಯೊಳಗೆ ಎಲ್ಲೋ ಒಂದು ಹನಿ ಬಿತ್ತು. ತೊಟಕ್...

“ದುಡ್ಡು ಹೊಂದಿಸಿಟ್ಟಿದೀನಿ ಕಣೋ. ಬೆಳಿಗ್ಗೆ ಮನೇಗ್ ಬಂದು ಇಸ್ಕೋ.”

“ಆ ಮಾತು ಈಗ್ಯಾಕೋ...”

“ಗುಂಡಿ ಹಾಕ್ಕೊಡು. ಕತ್ತಿಗೆ ಚಳಿ.”

ಆಗ ನೋಡಿದ. ಪೇಂಟರ್ ತೊಟ್ಟಿದ್ದು ಬಿಳಿ ಅಂಗಿ. ಇಸ್ತ್ರಿಯ ಗೆರೆ ಇನ್ನೂ ಮಾಸಿರಲಿಲ್ಲ. ತನ್ನ ಕೈಯ ಹೊಲಿಗೆ ತನಗೆ ತಿಳಿಯುವುದಿಲ್ಲವೇ? ಬೀಗ ಹಾಕಿದ ಬೀರುವಿನ ಅಂಗಿ ಇವನ ಮೈಮೇಲೆ ಹೇಗೆ ಬಂತು ಅಂತ ಕೇಳಬೇಕಿತ್ತು. ಕೇಳಲಿಲ್ಲ. ಆ ಅಂಗಿಯ ಬಗ್ಗೆ ಏನನ್ನೂ ಕೇಳುವ ಯೋಗ್ಯತೆ ತನಗಿಲ್ಲ ಅನ್ನಿಸಿತಂತೆ. ಜೇಬಿನಿಂದ ಗುಂಡಿ ತೆಗೆದ. ಕಾಲರಿನಿಂದ ಸೂಜಿ ಕಿತ್ತುಕೊಂಡ. ಮಬ್ಬುಗತ್ತಲಲ್ಲೇ ತಡವಿ ತಡವಿ ಹೊಲಿದ. ದಾರ ಬಟ್ಟೆ ದಾಟುವ ಸದ್ದೂ ಕೇಳುತ್ತಿತ್ತು... ಸರ್ರ್... ಸರ್ರ್...

ದಾರ ಕಡಿಯಲು ಬಾಯಿಯನ್ನು ಅವನ ಕತ್ತಿನ ಹತ್ತಿರ ತಂದ. ಕೆನ್ನೆಗೆ ಉಸಿರು ತಾಗಬೇಕಿತ್ತು. ತಾಗಲಿಲ್ಲ.

ಟಕ್. ದಾರ ತುಂಡಾಯಿತು.

“ತಪ್ಪಾಯ್ತು ಕಣೋ,” ಅಂದ ಟೈಲರಣ್ಣ. ತಲೆಯೆತ್ತಿದರೆ ಕಟ್ಟೆ ಖಾಲಿ. ರಾಟೆಯ ಸದ್ದೂ ನಿಂತಿತ್ತು.

ಎದ್ದು ಬಿದ್ದು ಮನೆ ಸೇರಿದ. ಕತ್ತಲಲ್ಲಿ ಎದ್ದು ಹೋಗಿರಬೇಕು, ನನಗೆ ಕಾಣಲಿಲ್ಲ ಅಂತ ರಾತ್ರಿಯೆಲ್ಲ ತನಗೆ ತಾನೇ ಸಮಾಧಾನ ಹೇಳಿಕೊಂಡ. ಬೆಳಗಾಗುತ್ತಲೇ ಪೇಂಟರನ ಮನೆಗೆ ಹೊರಟ. “ದುಡ್ಡಿನ ಯೋಚನೆ ಬಂತಾ?” ಅಂತ ನಾನೇ ಒಮ್ಮೆ ಕೇಳಿದ್ದೆ. ತಲೆ ತಗ್ಗಿಸಿದ. “ಬಂತು ಮಾರಾಯ. ಯಾವ ಮಿಷನ್ನು ತಗೋಬೇಕು ಅಂತಾನೂ ಬಂತು.”

ಬಾಗಿಲಲ್ಲಿ ಚಪ್ಪಲಿಗಳ ರಾಶಿ. ಒಳಗೆ ಪೇಂಟರನನ್ನು ಮಲಗಿಸಿದ್ದರು. ಮೈಮೇಲೆ ಹಳೇ ಅಂಗಿ, ಕತ್ತು ಬಿಚ್ಚಿತ್ತು.

“ನಿನ್ನೆ ಸಂಜೆ ನಿಮ್ಮ ಹತ್ರಾನೇ ಹೊರಟಿದ್ರು ಅಣ್ಣ,” ಅಂದಳು ಪೇಂಟರನ ಹೆಂಡತಿ. “ಚಪ್ಪಲಿ ಮೆಟ್ಟಿದ್ರು... ಹೊಸ್ತಿಲಲ್ಲೇ ಕುಸಿದ್ರು. ಕತ್ತಲಾಗೋ ಮೊದಲೇ ಹೋಗ್ಬಿಟ್ರು. ನಿಮಗೆ ಹೇಳಿಕಳಿಸೋಣ ಅಂದ್ರೆ ಮಗಳು ಬೇಡ ಅಂದ್ಲು.”

ಕರವಸ್ತ್ರದಲ್ಲಿ ಕಟ್ಟಿದ ಗಂಟನ್ನು ಮುಂದೆ ಹಿಡಿದಳು. “ಇದು ನಿಮ್ದು.”

ಟೈಲರಣ್ಣನ ಕೈ ಮುಂದೆ ಹೋಯಿತು. ಮನಸ್ಸು ಬೇಡ ಅನ್ನುವ ಮೊದಲೇ ಹೋಯಿತು. ಅದನ್ನು ಮಾತ್ರ ಅವನು ಇವತ್ತಿಗೂ ಮರೆತಿಲ್ಲ. ತಟ್ಟನೆ ಹಿಂದೆಳೆದುಕೊಂಡು, “ಬೇಡಮ್ಮ, ಬೇಡ” ಅಂದ. ಮೂಲೆಯಲ್ಲಿ ಕೂತಿದ್ದ ಮಗಳು ಅದನ್ನೆಲ್ಲ ನೋಡಿದಳು.

“ತಗೊಳ್ಳಿ ಮಾಮ. ಅಪ್ಪ ಬಾಕಿ ಉಳಿಸ್ಕೊಂಡು ಹೋಗೋದು ಬೇಡ,” ಅಂದಳು. ಸ್ವಲ್ಪ ತಡೆದು, “ಮದುವೇಲಿ ಅವರು ಬಾಗಿಲ ಕಡೇನೇ ನೋಡ್ತಿದ್ರು. ಅಂಗಿಗಲ್ಲ. ನೀವು ಬರ್ತೀರಾ ಅಂತ.”

ಗಂಟನ್ನು ತೆಗೆದುಕೊಳ್ಳದೆ ವಿಧಿ ಇರಲಿಲ್ಲ. ಸಾಲ ಪೂರ್ತಿ ವಸೂಲಾಯಿತು. ಅಷ್ಟು ಭಾರದ ದುಡ್ಡನ್ನು ಅವನು ಜನ್ಮದಲ್ಲಿ ಹೊತ್ತಿರಲಿಲ್ಲ.

ಅಲ್ಲಿಂದ ಅಂಗಡಿಗೆ ಓಡಿದ. ಬೀಗ ತಾನು ಹಾಕಿದಂತೆಯೇ ಇತ್ತು. ಬೀರುವಿನ ಬೀಗವೂ. ಅಂಗಿ ಮಡಿಕೆ ಕೂಡ ಕೆಡದೆ ಅಲ್ಲೇ ಇತ್ತು. ಎದೆಗವಚಿಕೊಂಡು ಪೇಂಟರನ ಮನೆಗೆ ತಂದ. ಅಷ್ಟು ಹೊತ್ತಿಗೆ ನಾನೂ ಅಲ್ಲಿಗೆ ಬಂದಿದ್ದೆ. ನನ್ನ ಕೈಗೆ ಕೊಟ್ಟು, ಗೋಡೆಗೆ ಮುಖ ಮಾಡಿ ಕೂತುಬಿಟ್ಟ.

ಅವರಿವರು ಹೇಳಿದ್ದಲ್ಲ ಇದು. ಪೇಂಟರನ ತೋಳೆತ್ತಿ ಆ ಅಂಗಿ ತೊಡಿಸಿದವನು ನಾನು. ಇದೇ ಕೈಯಿಂದ ಕೆಳಗಿನಿಂದ ಒಂದೊಂದೇ ಗುಂಡಿಯನ್ನು ತೂತಿಗೆ ಸೇರಿಸುತ್ತಾ ಬಂದೆ. ಎಲ್ಲಕ್ಕೂ ಬಿಳಿ ದಾರ. ಕತ್ತಿನ ಗುಂಡಿಗೆ ಮಾತ್ರ ಕಪ್ಪು... ಹಲ್ಲಲ್ಲಿ ಕಡಿದ ಅದರ ತುದಿ ಇನ್ನೂ ಒದ್ದೆಯಾಗಿತ್ತು.