ಮೂರನೇ ಸಲ ಬಂದ ಲಿಫ್ಟ್

ಬಿಸಿನೀರಿನ ಫ್ಲಾಸ್ಕ್ ಹಿಡಿದ ಹೆಂಗಸೊಬ್ಬಳು ಆಸ್ಪತ್ರೆಯ ಲಿಫ್ಟಿಗೆ ಕಾಯುತ್ತಿದ್ದಳು. ಲಿಫ್ಟ್ ಆಗಲೇ ಎರಡು ಸಲ ಬಂದು ಹೋಗಿತ್ತು. ಬಾಗಿಲಿಗೆ ಅಡ್ಡವಾಗಿದ್ದ ಸ್ಟ್ರೆಚರಿನಲ್ಲಿ ಮಲಗಿದ್ದವನು ಎರಡು ಸಲವೂ ಬೇಡವೆಂದಿದ್ದ.

“ಸದ್ದು ಸರಿಯಿಲ್ಲ ಕಣಮ್ಮಾ. ಇಪ್ಪತ್ತು ವರ್ಷದಿಂದ ಲಿಫ್ಟ್ ರಿಪೇರಿ ಮಾಡ್ತಿದ್ದೀನಿ, ನಂಗೊತ್ತಾಗಲ್ವಾ?”

“ಐದು ದಿನ ಗೋಡೆ ಕಡೆ ಮುಖ ಮಾಡಿ ಮಲಗಿದ್ರಿ, ಒಂದು ಮಾತಿಲ್ಲ, ಕತೆಯಿಲ್ಲ,” ಎಂದಳು ಸ್ಟ್ರೆಚರ್ ತಳ್ಳುವ ಆಯಾ. “ಈಗ ಆಪರೇಷನ್ನಿಗೆ ಹೊರಟ ತಕ್ಷಣ ಪಾಪದ ಲಿಫ್ಟ್ ಮೇಲೆ ಗೂಬೆ ಕೂರಿಸ್ತೀರಲ್ಲಣ್ಣಾ!”

ಅವನು ಮೇಲಿನ ದೀಪವನ್ನೇ ನೋಡಿದ. “ಭಯ ಆಗ್ತಿದೆ.”

“ಹಾಗನ್ನಿ ಮತ್ತೆ! ಅಲ್ಲಾ, ನೀವು ಬಿಚ್ಚೋವಾಗ ಲಿಫ್ಟಿಗೆ ಭಯ ಆಗುತ್ತಾ?”

“ಅದಕ್ಕೇನು ಗೊತ್ತಾಗುತ್ತೆ? ಮೊದ್ಲೇ ಕರೆಂಟ್ ತೆಗೆದಿರ್ತೀನಿ.”

“ಮೇಲೆ ನಿಮಗೂ ಅದನ್ನೇ ಮಾಡೋದು.”

“ವಾಪಸ್ ಹಾಕೋದು ಮರೆತುಬಿಟ್ರೆ?”

“ನೀವು ಯಾವತ್ತಾದ್ರೂ ಮರೆತಿದ್ದೀರಾ?”

ಲಿಫ್ಟ್ ಮೂರನೇ ಸಲ ಬಂತು. ಆಯಾ ಒಂದು ಕೈಯಲ್ಲಿ ಅವನ ಕೈ ಹಿಡಿದೇ ಸ್ಟ್ರೆಚರನ್ನು ಒಳಗೆ ತಳ್ಳಿದಳು. ಫ್ಲಾಸ್ಕಿನ ಹೆಂಗಸು ತಾನು ಹತ್ತುವುದನ್ನು ಮರೆತು ಅವನ ಉತ್ತರಕ್ಕೆ ಕಾದು ನಿಂತಳು. ಬಾಗಿಲು ಮುಚ್ಚುತ್ತಿದ್ದಂತೆ ಅದು ಕೇಳಿಸಿತು:

“ಒಂದೇ ಒಂದು ಸಲ.”

ಆಮೇಲೆ ಇಬ್ಬರ ನಗುವೂ ಮಹಡಿ ಮಹಡಿ ಹತ್ತಿ ಹೋಯಿತು.