ಹಠದವರ ಕಾರ್ಡು

ಬರೀಬೇಡಿ, ಬರೀಬೇಡಿ! ಪ್ಲೀಸ್ ಭಾಯ್, ದೋ ಮಿನಿಟ್, ಗಾಡಿ ಅಭೀ ನಿಕಾಲ್ತೀ ಹೂಂ... ಆಂ? ಈಗ ಏನಂದ್ರಿ ನೀವು? ಇಲ್ಲ ಇಲ್ಲ, ನನಗೆ ಕೇಳಿಸ್ತು. ಮೆಲ್ಲ ಗೊಣಗಿದ್ರಲ್ಲ, "ಎಂಥ ಮಾರಾಯ್ರೆ ಇವರದ್ದು" ಅಂತ! ಸಾಯ್ಬಾ ದೇವರೇ, ನೀವು ನಮ್ಮ ಕಡೆಯವರು! ಎಲ್ಲಿ, ನಿಮ್ಮ ಅಂಗಿಯ ಮೇಲಿನ ಹೆಸರು ನೋಡುವ... ಅಹ್ಮದ್ ಕುಂಞಿ. ಊರು? ಉಪ್ಪಳವಾ! ನಾನು ಕಿನ್ನಿಗೋಳಿ. ನೋಡಿ, ಬೆಳಿಗ್ಗೆ ಎದ್ದು ಯಾರ ಮುಖ ನೋಡಿದ್ದೋ ಅಂತ ಈಗಷ್ಟೇ ಬೈದುಕೊಳ್ತಿದ್ದೆ. ಹಾಗಾದ್ರೆ ಆ ಫೈನ್ ಬರೆಯುವ ಮಿಷನ್ ಸ್ವಲ್ಪ ಕೆಳಗೆ ಮಾಡಿ. ಅದನ್ನು ನೋಡಿದ್ರೆ ನನಗೆ ಹೆದರಿಕೆ ಆಗ್ತದೆ.

ಗೊತ್ತುಂಟು, ಗೊತ್ತುಂಟು. ನೀಲಿ ಗೆರೆ, ನೀಲಿ ಬೋರ್ಡು, ಗಾಲಿಕುರ್ಚಿಯ ಚಿತ್ರ. ಓದು ಬರಹ ಬರ್ತದೆ ನನಗೆ. ಈ ಸ್ಕೂಲಿನ ಆಫೀಸಿನಲ್ಲಿ ಮುಂದಿನ ಟೇಬಲ್ ನನ್ನದೇ. ವೆಲಿಟಾ ಪಾಯ್ಸ್ ಅಂತ ಕೇಳಿ ಒಳಗೆ, ಯಾರು ಬೇಕಾದ್ರೂ ಹೇಳ್ತಾರೆ... ಅಲ್ಲ, ಕೇಳ್ಬೇಡಿ. ಸುಮ್ಮನೆ ಹೇಳಿದೆ. ಅರಬ್ಬರ ಈ ಊರಲ್ಲಿ, ಅದೂ ಊದ್ ಮೇಥಾದಲ್ಲಿ, ಈ ಹೊತ್ತಿಗೆ ಪಾರ್ಕಿಂಗ್ ಎಲ್ಲಿ ಸಿಗ್ತದೆ, ನೀವೇ ಹೇಳಿ. ಎಲ್ಲ ತಂದೆ ತಾಯಂದಿರ ದೊಡ್ಡ ದೊಡ್ಡ ಗಾಡಿ. ಈ ಒಂದು ಜಾಗ ಖಾಲಿ ಇತ್ತು, ಗೇಟಿಗೂ ಹತ್ತಿರ. ಐದು ನಿಮಿಷ ನಿಲ್ಲಿಸುವ ಅಂತ...

ಇಲ್ಲಿ ನಿಲ್ಲಿಸುವ ಕಾರ್ಡಾ? ಉಂಟು. ಅಂದ್ರೆ, ಬರ್ತದೆ. ಅಪ್ಲೈ ಮಾಡಿ ಆಗಿದೆ, ಪ್ರೊಸೆಸ್‌ನಲ್ಲಿ ಉಂಟು. ಮೊನ್ನೆ ಮೊನ್ನೆ. ಯಾಕೆ ಹಾಗೆ ನೋಡ್ತೀರಿ? ನನ್ನನ್ನು ನೋಡಿದ್ರೆ ಅಂಗವಿಕಲೆ ಹಾಗೆ ಕಾಣೋದಿಲ್ಲ ಅಲ್ಲವಾ? ಲಿಪ್‌ಸ್ಟಿಕ್ ಹಾಕಿದ್ದೇನೆ, ಕೂದಲು ಸೆಟ್ ಮಾಡಿದ್ದೇನೆ. ಎಲ್ಲರೂ ಅದನ್ನೇ ಹೇಳ್ತಾರೆ. ಗಂಟುವಾತ ಮಾರಾಯ್ರೆ, ರುಮಟಾಯ್ಡು. ಮುಖಕ್ಕೆ ಬರುವ ಕಾಯಿಲೆ ಅಲ್ಲ ಅದು. ಮತ್ತೆ ಇಲ್ಲಿ ಅಂಗವಿಕಲ ಅನ್ನೋದೇ ಇಲ್ಲವಲ್ಲ, ಪೀಪಲ್ ಆಫ್ ಡಿಟರ್ಮಿನೇಶನ್ ಅಂತಾರೆ. ನಮ್ಮ ಭಾಷೆಯಲ್ಲಿ ಎಂಥ ಅನ್ನುವ? ಹಠದವರು! ನನ್ನ ಅಮ್ಮ ಹಠ ಮಾಡಿದ್ರೆ ಬೆತ್ತ ತೆಗೀತಿದ್ರು. ಈ ದೇಶದಲ್ಲಿ ನೋಡಿ, ಹಠಕ್ಕೆ ಕಾರ್ಡು ಕೊಡ್ತಾರೆ.

ನಕ್ಕಿರಿ! ನಗಬೇಕು. ನಗುವವರು ಫೈನ್ ಬರೆಯುವುದಿಲ್ಲ.

ಆಂ, ಮೆಸೇಜು? ಅಪ್ಲಿಕೇಶನ್ನಿನ ಮೆಸೇಜು ತೋರಿಸ್ಬೇಕಾ? ಫೋನ್ ಬ್ಯಾಗಿನಲ್ಲಿ ಉಂಟು. ಬ್ಯಾಗು ಹಿಂದಿನ ಸೀಟಿನಲ್ಲಿ. ಆ ಬ್ಯಾಗಿನ ಜಿಪ್ ಸರಿ ಇಲ್ಲ, ಒಮ್ಮೆ ಸಿಕ್ಕಿಹಾಕಿಕೊಂಡ್ರೆ ಮತ್ತೆ ಬರುವುದೇ ಇಲ್ಲ. ಲೈಸೆನ್ಸೂ ಅದರಲ್ಲೇ. ತೋರಿಸ್ತೇನೆ, ಯಾಕೆ ತೋರಿಸುವುದಿಲ್ಲ! ಸ್ವಲ್ಪ ನಿಲ್ಲಿ, ಖದೀಜ ಬರ್ಲಿ. ಖದೀಜ ಅಂದ್ರೆ ನಮ್ಮ ಸ್ಕೂಲಿನ ಆಯಾ. ದಿನಾ ಈ ಹೊತ್ತಿಗೆ ಗೇಟಿನ ಹತ್ತಿರ ನಿಂತಿರ್ತಾಳೆ. ಅವಳು ಬಂದ ಕೂಡಲೇ ನಾನು ಇಳೀತೇನೆ, ಮೆಸೇಜು ತೋರಿಸ್ತೇನೆ, ಗಾಡಿ ತೆಗೀತೇನೆ, ಖಲಾಸ್.

ಇಳೀಲಿಕ್ಕೆ ಖದೀಜ ಯಾಕೆ ಅಂತ ಕೇಳಿದ್ರಾ? ಕೇಳ್ಲಿಲ್ವಾ. ಮುಖ ಕೇಳಿದ ಹಾಗೆ ಇತ್ತು.

ಮೊಣಗಂಟು, ಅದಕ್ಕೆ. ನೋಡಿ ಬೇಕಾದ್ರೆ, ಪ್ಯಾಂಟಿನ ಮೇಲಿಂದಲೇ ಕಾಣ್ತದೆ ಊದಿದ್ದು. ಬೆಳಿಗ್ಗೆ ಎದ್ದ ಕೂಡಲೇ ಕಾಲು ನನ್ನದಲ್ಲ. ಬಿಸಿನೀರು ಹೊಯ್ದು, ಗೋಡೆ ಹಿಡಿದು, ಬೈದು, ದೇವರ ಹೆಸರು ಹೇಳಿ, ಮತ್ತೆ ಬೈದು... ಹಾಗೆ ಹೊರಡುವುದು. ಆ ಕಡೆ ಮಣ್ಣಿನ ಮೈದಾನ ಉಂಟಲ್ಲ, ಬಸ್ ನಿಲ್ಲುವ ಜಾಗದ ಆಚೆ? ಅಲ್ಲಿ ನಿಲ್ಲಿಸಿ ನಡೆದು ಬಂದ್ರೆ ಬೆಲ್ಲು ಹೊಡೆದು ಪ್ರಾರ್ಥನೆಯೂ ಮುಗಿದಿರ್ತದೆ. ಕಳೆದ ತಿಂಗಳು ಎಷ್ಟು ಸಲ ಲೇಟಾದೆ ಗೊತ್ತುಂಟಾ? ಪ್ರಿನ್ಸಿಪಾಲ್ ಮೇಡಂ ಕರೆದು ಹೇಳಿದ್ರು, "ವೆಲಿಟಾ, ಇನ್ನೊಮ್ಮೆ ಆದ್ರೆ ನಾನು ಏನೂ ಮಾಡ್ಲಿಕ್ಕೆ ಆಗೋದಿಲ್ಲ." ಒಳ್ಳೆಯವರೇ ಅವರು. ಒಳ್ಳೆಯವರು ಹೇಳಿದ್ರೆ ಇನ್ನೂ ಹೆದರಿಕೆ.

ಕೆಲಸ ಹೋದ್ರೆ ವೀಸಾ ಹೋಯ್ತು, ಅದು ನಿಮಗೆ ಹೇಳಿಕೊಡ್ಬೇಕಾ? ನನ್ನದು ಮಾತ್ರ ಅಲ್ಲ ಭಾಯ್, ಮಗಳದ್ದೂ ನನ್ನ ಮೇಲೆಯೇ. ಜೆಸ್ಸಿಕಾ, ಕಾಲೇಜು ಮೊದಲ ವರ್ಷ. ಇವರು, ನನ್ನ ಗಂಡ ಪಾಯ್ಸ್, ದೂರದ ಬನಿಯಾಸ್‌ನಲ್ಲಿ ಸ್ಟೋರ್ ಕೀಪರ್, ಕಂಪೆನಿ ರೂಮಿನಲ್ಲಿ ಇರ್ತಾರೆ. ಶನಿವಾರ ಬಂದು ಆದಿತ್ಯವಾರ ಹೋಗ್ತಾರೆ. ಅವರ ಸಂಬಳದಲ್ಲಿ ಮೂವರು ಇಲ್ಲಿ ಇರ್ಲಿಕ್ಕೆ ಸಾಧ್ಯ ಇಲ್ಲ. ಅವಳ ಕಾಲೇಜು ನಡು ನೀರಿನಲ್ಲಿ ಬಿಟ್ಟ ಹಾಗೆ ಆಗ್ತದೆ.

ಟ್ಯಾಕ್ಸಿಯಾ? ದಿನಾ ಎರಡು ಹೊತ್ತು ಟ್ಯಾಕ್ಸಿ? ನೀವು ಒಳ್ಳೆ ತಮಾಷೆಯ ಜನ. ಮೆಟ್ರೋ ಅಂತೀರಾ, ಮನೆಯಿಂದ ಸ್ಟೇಷನ್ನಿಗೆ ನಡೆಯುವ ಕಾಲು ಇದ್ದಿದ್ರೆ ಈ ನೀಲಿ ಗೆರೆಯೊಳಗೆ ಯಾಕೆ ಬರ್ತಿದ್ದೆ? ಕಾರು ಒಂದೇ ನನಗೆ ಉಳಿದದ್ದು. ಸೀಟಿನಲ್ಲಿ ಕೂತ್ರೆ ನಾನು ಮೊದಲಿನ ವೆಲಿಟಾ. ಯಾರಿಗೂ ಗೊತ್ತಾಗೋದಿಲ್ಲ.

ಮುಂದೆ ಯಾಕೆ ಹೋದ್ರಿ? ನಂಬರ್ ಪ್ಲೇಟ್ ಹಿಂದೆಯೂ ಉಂಟಲ್ಲ! ಬಂಪರಾ... ಅದು ಹಳೇದು. ಗಾಡಿಯೇ ಹಳೇದು ಮಾರಾಯ್ರೆ, ಸೆಕೆಂಡ್ ಹ್ಯಾಂಡ್ ಸನ್ನಿ ಕಾರು. ಬನ್ನಿ, ಈಚೆ ಬನ್ನಿ, ಮಕ್ಕಳು ಇಳಿಯುವ ಹೊತ್ತು, ಬಸ್ಸಿಗೆ ದಾರಿ ಬೇಕು.

ಎಂಜಿನ್ ಬಂದ್ ಮಾಡ್ಬೇಕಾ? ಯಾಕೆ, ಏಸಿ ಬೇಕಲ್ಲ. ಈ ಸೆಕೆಯಲ್ಲಿ... ಹೌದು, ಕಿಟಕಿ ತೆರೆದದ್ದು ಹೌದು, ಏಸಿಯೂ ಹೌದು. ಎರಡೂ ಬೇಕು ನನಗೆ. ಹೆಂಗಸರ ವಯಸ್ಸಿನ ಸೆಕೆ, ನಿಮಗೆ ಗೊತ್ತಾಗೋದಿಲ್ಲ ಬಿಡಿ.

ಅಯ್ಯೋ, ನೀರು ಬೇಡ. ಥ್ಯಾಂಕ್ಸ್. ನಿಮಗೇ ಬೇಕಾಗ್ತದೆ, ಬಿಸಿಲಲ್ಲಿ ತಿರುಗುವವರು ನೀವು. ಮುಚ್ಚಳ ತೆರೆದೇ ಕೊಡ್ತೀರಾ... ಅಲ್ಲ, ಬೇಡ ಅಂದ್ರೆ ಬೇಡ. ಬಾಯಾರಿಕೆ ಇಲ್ಲ. ಕೈ ಚಾಚಿ ಎಷ್ಟು ಹೊತ್ತು ಹಿಡಿದು ನಿಲ್ತೀರಿ? ಶಾಲಿನ ಒಳಗಿಂದ ಕೈ ತೆಗೀಲಿಕ್ಕೆ ಉದಾಸೀನ ನನಗೆ, ಅಷ್ಟೇ. ಡ್ಯಾಶ್‌ಬೋರ್ಡಿನ ಮೇಲೆ ಇಡಿ. ಆಮೇಲೆ ಕುಡೀತೇನೆ.

ನೀವು ಒಂದು ಉಪಕಾರ ಮಾಡಿ. ಗೇಟಿನಲ್ಲಿ ವಾಚ್‌ಮನ್ ಇದ್ದಾನಲ್ಲ, ಅವನ ಹತ್ತಿರ ಖದೀಜ ಎಲ್ಲಿ ಅಂತ ಮಾತ್ರ ಕೇಳಿ. ನನ್ನ ಹೆಸರು ಹೇಳ್ಬೇಡಿ! ಅವನಿಗೆ ಗೊತ್ತಾದ್ರೆ ಆಫೀಸಿಗೆ ಗೊತ್ತಾದ ಹಾಗೆ. ಯಲ್ಲಾ, ಬೇಗ ಹೋಗಿ ಬನ್ನಿ. ನಾನು ಓಡಿಹೋಗೋದಿಲ್ಲ.

...

ಎಂಥ ಹೇಳಿದ? ತಲೆ ಆಡಿಸಿದ್ದು ಕಾಣ್ತು ನನಗೆ. ಬರುವುದಿಲ್ವಾ? ಜ್ವರವಾ? ಇವತ್ತು ರಜೆಯಾ?... ಇಡೀ ದಿನವಾ?

ನಿನ್ನೆ ಸರಿ ಇದ್ಳಲ್ಲ. ಒಂದು ಫೋನ್ ಮಾಡ್ಬಾರ್ದಾ ಈ ಹುಡುಗಿ... ಮಾಡಿರ್ಬಹುದು. ಬ್ಯಾಗಿನ ಒಳಗೆ ರಿಂಗಾದದ್ದು ಕೇಳಿತ್ತು, ದಾರಿಯಲ್ಲಿ. ಸಾಯ್ಬಾ ಬೋಗಸ್, ದೇವರೇ ಕ್ಷಮಿಸು, ಈಗ ಎಂಥ ಮಾಡುವುದು?

ಇಲ್ಲ, ಅಳ್ತಾ ಇಲ್ಲ. ನನಗೆ ಕಣ್ಣಲ್ಲಿ ನೀರು ಬರ್ತದೆ ಹೀಗೆಯೇ. ಬರೀಬೇಡಿ, ಕೇಳಿ ನೀವು. ಕಾರ್ಡಿನ ಸಂಗತಿ ಸರಿಯಾಗಿ ಹೇಳ್ತೇನೆ. ಡಾಕ್ಟ್ರ ರಿಪೋರ್ಟು ಬೇಕು ಅದಕ್ಕೆ. ಹೋದೆ. ಒಳ್ಳೆಯ ಡಾಕ್ಟ್ರು, ಅರಬ್ಬಿ ಮನುಷ್ಯ, ಅಪ್ಪನ ಹಾಗೆ ಮಾತಾಡಿದ್ರು. "ಕೈಫ್ ಹಾಲಿಕ್, ಸಿಸ್ಟರ್?" ಅಂತ, ಹೇಗಿದ್ದೀ ಅಂತ ಕೇಳಿದ್ರು. ನಾನು ಏನು ಹೇಳ್ಬೇಕು? "ಅಲ್‌ಹಮ್ದುಲಿಲ್ಲಾ, ತಮಾಮ್" ಅಂದೆ, ಎಲ್ಲ ಚೆನ್ನಾಗಿ ಉಂಟು ಅಂತ! ಇಷ್ಟು ವರ್ಷದ ಅಭ್ಯಾಸ ಅಲ್ಲವಾ. ಲಿಫ್ಟಿನಲ್ಲಿ ಕೇಳಿದ್ರೂ ತಮಾಮ್, ಅಮ್ಮ ಫೋನಿನಲ್ಲಿ ಕೇಳಿದ್ರೂ ತಮಾಮ್. ಡಾಕ್ಟ್ರು ನಕ್ಕು, "ತಮಾಮ್ ಆದ್ರೆ ಇಲ್ಲಿ ಯಾಕೆ ಬಂದೆ?" ಅಂದ್ರು. ಮೊಣಗಂಟು ಒತ್ತಿ ನೋಡಿದ್ರು. ಇದು ಸಾಲದು, ಇಷ್ಟಕ್ಕೇ ಕಾರ್ಡು ಕಷ್ಟ ಅಂದ್ರು. ಮತ್ತೆ, "ಕೈ ಕೊಡು" ಅಂದ್ರು.

ಕೊಡ್ಲಿಲ್ಲ ನಾನು.

ಯಾಕೆ ಅಂದ್ರೆ... ನೀವೇ ಯೋಚನೆ ಮಾಡಿ. ನಡೀಲಿಕ್ಕೆ ಆಗದಷ್ಟು ಕಾಯಿಲೆ ಇರ್ಬೇಕು, ಆದ್ರೆ ಗಾಡಿ ಬಿಡುವಷ್ಟು ಆರೋಗ್ಯವೂ ಇರ್ಬೇಕು. ಕಾಲು ಹಾಳಾಗಿದೆ ಅಂತ ತೋರಿಸ್ಬೇಕು, ಕೈ ಮಾತ್ರ ಬೆಣ್ಣೆಯ ಹಾಗೆ ಉಂಟು ಅಂತಲೂ ತೋರಿಸ್ಬೇಕು. ಕೈಯ ಸಂಗತಿ ಬರೆದ್ರೆ ಲೈಸೆನ್ಸಿಗೆ ಪುನಃ ಪರೀಕ್ಷೆ ಮಾಡ್ತಾರಂತೆ, ಆಫೀಸಿನ ಅಗಾತಾ ಹೇಳಿದ್ಳು. ನಿಜವೋ ಸುಳ್ಳೋ ಗೊತ್ತಿಲ್ಲ. ನಿಲ್ಲಿಸುವ ಜಾಗ ಸಿಕ್ಕಿ ಗಾಡಿಯೇ ಹೋದ್ರೆ ಎಂಥ ಪ್ರಯೋಜನ? "ಕೈಗೆ ಏನೂ ಇಲ್ಲ ಡಾಕ್ಟರ್, ತಮಾಮ್, ತಮಾಮ್" ಅಂತ ಹೇಳಿ ಎದ್ದು ಬಂದೆ. ಬಾಗಿಲಿನ ಹಿಡಿ ತಿರುಗಿಸ್ಲಿಕ್ಕೆ ಆಗದೆ ಅಲ್ಲೇ ನಿಂತೆ. ಪುಣ್ಯಕ್ಕೆ ಹೊರಗಿಂದ ಯಾರೋ ತೆರೆದ್ರು.

ಪ್ರೊಸೆಸ್? ಯಾವ ಪ್ರೊಸೆಸ್? ಹಾಂ... ಅದು ಸುಳ್ಳು. ಅಪ್ಲೈ ಮಾಡಿಯೇ ಇಲ್ಲ. ಬೈಯಿರಿ ಬೇಕಾದ್ರೆ.

ಆಗಿನಿಂದ ಶಾಲನ್ನೇ ನೋಡ್ತೀರಿ. ಶಾಲಿನ ಒಳಗೆ ಕೈಯೇ ಇರುವುದು, ಬೇರೆ ಎಂಥ ಇರ್ತದೆ? ಕೋಳಿಮರಿಯಾ?

...

ಆಯ್ತು. ನೋಡಿ. ಇಗೋ. ಬೆರಳು ಮಡಚೋದಿಲ್ಲ, ಬಿಡಿಸೋದಿಲ್ಲ. ಬರುವಾಗ ಸರಿ ಇತ್ತು, ದೇವರಾಣೆ, ಸ್ಟೇರಿಂಗ್ ಹಿಡಿದುಕೊಂಡೇ ಬಂದೆ. ಇಲ್ಲಿ ನಿಂತ ಮೇಲೆ ಹೀಗೆ ಮರಗಟ್ಟಿತು. ಗೇರ್ ತೆಗೀಲಿಕ್ಕೆ ಆಗೋದಿಲ್ಲ, ಕೀ ತಿರುಗಿಸ್ಲಿಕ್ಕೆ ಆಗೋದಿಲ್ಲ. ಈ ಬೆಲ್ಟು ಉಂಟಲ್ಲ, ಅದರ ಕೆಂಪು ಗುಂಡಿ... ಅದನ್ನು ಒತ್ತಲಿಕ್ಕೆ ಆಗೋದಿಲ್ಲ ಭಾಯ್. ನೀವು ಬರುವ ಮೊದಲಿನಿಂದ ಬ್ರೇಕ್ ತುಳಿದುಕೊಂಡು ಹೀಗೇ ಕಟ್ಟಿಹಾಕಿದ ಹಾಗೆ ಕೂತಿದ್ದೇನೆ. ಮನೆಯಲ್ಲಿ ಜೆಸ್ಸಿಕಾ ಕೆಳಗೆ ಬಂದು ಬೆಲ್ಟು ಹಾಕಿ ಕೀ ತಿರುಗಿಸಿ ಹೋಗ್ತಾಳೆ. "ಮಮ್ಮಾ, ದಿಸ್ ಈಸ್ ನಾಟ್ ಓಕೆ" ಅಂತ ದಿನಾ ಹೇಳ್ತಾಳೆ. ಇಲ್ಲಿ ಖದೀಜ "ಗುಡ್ ಮಾರ್ನಿಂಗ್" ಹೇಳುವ ನೆಪದಲ್ಲಿ ಬಗ್ಗಿ ಬಿಚ್ಚುತ್ತಾಳೆ. ಎರಡು ಕಡೆ ಎರಡು ಜನ. ನಡುವಿನ ರಸ್ತೆ ಮಾತ್ರ ನನ್ನದು.

ಬಿಚ್ಚುತ್ತೀರಾ? ಸಂಕೋಚ ಬೇಡ, ನಿಮ್ಮ ಅಕ್ಕನ ಹಾಗೆ ಅಂದುಕೊಳ್ಳಿ. ಆ ಕಡೆಯ ಬಾಗಿಲಿನಿಂದ ಬನ್ನಿ. ಅದೇ ಗುಂಡಿ, ಗಟ್ಟಿ ಒತ್ತಿ... ಅಬ್ಬಾ. ದೇವರು ಒಳ್ಳೇದು ಮಾಡ್ಲಿ ನಿಮಗೆ. ಗೇರ್ ಸಹ ಪಾರ್ಕಿಗೆ ಹಾಕಿಬಿಡಿ, ಕೀ ತಿರುಗಿಸಿ. ಹಾಂ, ಆಯ್ತು. ಈಗ ನಾನು ಮೆಲ್ಲ ಇಳಿದು ಒಳಗೆ ಹೋಗ್ತೇನೆ, ಇನ್ನೂ ಬೆಲ್ಲು ಹೊಡೀಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಬೆರಳು ಸಡಿಲ ಆಗ್ತದೆ. ದಿನಾ ಆಗ್ತದೆ. ಆಗ ನಾನೇ ಬಂದು ಗಾಡಿ ತೆಗೀತೇನೆ. ಕೀ ಕೊಡಿ.

ಭಾಯ್, ಕೀ.

ಪುನಃ ಯಾಕೆ ಬಂಪರ್ ನೋಡ್ತೀರಿ? ಹಳೇದು ಅಂದೆ ಅಲ್ಲವಾ. ಕಳೆದ ವಾರದ್ದು. ಕಂಬಕ್ಕೆ ತಾಗಿದ್ದು, ಇದೇ ತಿರುವಿನಲ್ಲಿ. ಸ್ಟೇರಿಂಗ್ ಒಮ್ಮೆ ಕೈಯಿಂದ ಜಾರಿತು, ಗಾಡಿ ಸ್ವಲ್ಪ ಫುಟ್‌ಪಾತಿಗೆ ಹತ್ತಿತು. ಕಂಬ ಮಾತ್ರ. ಕಂಬಕ್ಕೂ ಏನೂ ಆಗ್ಲಿಲ್ಲ. ಯಾರೂ ಇರ್ಲಿಲ್ಲ ಅಲ್ಲಿ.

ಏನು? ನಾನು ಹೇಳಿದೆನಲ್ಲ, ಯಾರೂ ಇರ್ಲಿಲ್ಲ.

ಕೀ ಮುಷ್ಟಿಯಲ್ಲಿ ಹಿಡಿದು ನಿಲ್ಬೇಡಿ ಹಾಗೆ. ಫೈನ್ ಬರೀತೀರಾ, ಬರೀರಿ! ನೀಲಿ ಗೆರೆಗೆ ಒಂದು, ಸುಳ್ಳಿಗೆ ಒಂದು, ಎಷ್ಟು ಬೇಕಾದ್ರೂ ಬರೀರಿ, ಸಾಲ ಮಾಡಿ ಕಟ್ತೇನೆ. ಕೀ ಮಾತ್ರ ಕೊಡಿ. ಆಗಲ್ಲ ಅಂತಾದ್ರೂ ಹೇಳಿ!

...

ಒಂದು ಮಗು ಇತ್ತು.

ಕಂಬದ ಹಿಂದೆ. ಚಿಕ್ಕದು, ಒಂದನೇ ಕ್ಲಾಸಿನದ್ದು ಇರ್ಬೇಕು, ಬೆನ್ನಿನ ಬ್ಯಾಗೇ ಅದಕ್ಕಿಂತ ದೊಡ್ಡದು. ಏನೂ ಆಗ್ಲಿಲ್ಲ ಅದಕ್ಕೆ, ನನ್ನ ಜೆಸ್ಸಿಕಾಳ ಆಣೆ, ಕೂದಲೂ ಕೊಂಕಲಿಲ್ಲ. ಹೆದರಿ ಕೈಯಲ್ಲಿದ್ದ ನೀರಿನ ಬಾಟಲಿ ಬಿತ್ತು, ಅಷ್ಟೇ. ಬಾಟಲಿ ಉರುಳಿ ನನ್ನ ಗಾಡಿಯ ಕೆಳಗೆ ಹೋಯ್ತು. ಇಳಿದು ಎತ್ತಿಕೊಡುವ ಅಂದ್ರೆ... ಬೆಲ್ಟು. ಮಗು ತಾನೇ ಬಗ್ಗಿ, ಟಯರಿನ ಪಕ್ಕದಿಂದ ಬಾಟಲಿ ತೆಗೀತು. ಎಂಜಿನ್ ಆನ್ ಇತ್ತು ಭಾಯ್. ನನ್ನ ಕಾಲು ಬ್ರೇಕಿನ ಮೇಲೆ ನಡುಗ್ತಾ ಇತ್ತು. ಆ ಮಗು ಎದ್ದು ನಿಂತು ಕಿಟಕಿಯಲ್ಲಿ ನನ್ನ ಮುಖ ನೋಡಿ, "ಗುಡ್ ಮಾರ್ನಿಂಗ್, ಮ್ಯಾಮ್" ಅಂತು. ನಾನೂ ನಗಾಡಿ, "ಗುಡ್ ಮಾರ್ನಿಂಗ್" ಅಂದೆ.

ಮರುದಿನವೂ ಇದೇ ಗಾಡಿಯಲ್ಲಿ ಬಂದೆ.

ಬಸ್ಸು ಬಂತು. ನೋಡಿ, ಇಳೀತಿದ್ದಾರೆ. ಎಲ್ಲ ನನ್ನ ಗಾಡಿಯ ಮುಂದಿನಿಂದಲೇ ದಾಟ್ತವೆ. ಮುಂದೆ ನೋಡೋದಿಲ್ಲ ಅವು, ಮಾತಾಡ್ತಾ ಹೋಗ್ತವೆ...

ಇದೇನು, ಕೊಡ್ತಿದ್ದೀರಾ? ಕೀಯಾ? ಅಂಗೈಯಲ್ಲಿ ಇಟ್ಟು ಹೀಗೆ ನನ್ನ ಮುಂದೆ ಹಿಡಿದ್ರೆ... ಬೈದು ಕೊಡಿ, ಎಂಥದಾದ್ರೂ...

ಬೇಡ.

ಬೇಡ ಭಾಯ್. ಕೊಡಬೇಡಿ.